ಮೇಷ್ಟ್ರ ರೋಮ್, ನಮ್ಮ ಚೀಟಿ

ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಎಂಟಕ್ಕೆ ಹೊರಡಬೇಕಿತ್ತು. ಹೊರಟಿದ್ದು ಎಂಟೂ ಮುಕ್ಕಾಲಿಗೆ. ಮಾರ್ಚ್ ತಿಂಗಳ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕೊಬ್ಬರಿ ಮೂಟೆಗಳ ನಡುವೆ ಕಾಲು ಮಡಚಿ ಕೂತು ಡ್ರೈವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಗಂಗಾಧರಯ್ಯ ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆ, ನಿಮ್ಮನ್ನು ಬೇಗ ಬರಹೇಳಿದ್ದಾರೆ ಎಂದು ಹಿಂದಿನ ದಿನ ಎಸ್‌ಟಿಡಿ ಬೂತಿನಿಂದ ಫೋನು ಬಂದಿತ್ತು.

ನಾನು ಹಳೇಬೀಡಿನಲ್ಲಿ ಟೀಚರಾಗಿದ್ದಷ್ಟು ವರ್ಷವೂ ಮೇಷ್ಟ್ರು ಭಾನುವಾರ ಇತಿಹಾಸದ ಬಳಗ ಸೇರಿಸುತ್ತಿದ್ದರು. ಹೊಯ್ಸಳರ ವಿಚಾರ ಹೇಳಲು ದೇವಸ್ಥಾನದ ಬಾಗಿಲಲ್ಲಿ ಗೈಡುಗಳಿದ್ದಾರೆ ಎಂದು ಅವರು ರೋಮ್ ಹಿಡಿದರು. ರೋಮಿನವರಿಗೆ ಅರಸ ಎಂಬ ಮಾತೇ ಆಗುತ್ತಿರಲಿಲ್ಲವಂತೆ, ಕಾನ್ಸಲ್ ಎಂಬ ಮುಖ್ಯ ಅಧಿಕಾರಿಗಳು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರಂತೆ. ನಮ್ಮ ಅಧ್ಯಕ್ಷರೂ ಹಾಗೇ ಬದಲಾಗಬೇಕು ಎಂದು ನಿಯಮ ಬರೆದವರು ಅವರೇ. ಮೊದಲ ವರ್ಷ ಅವರು ಅಧ್ಯಕ್ಷರಾದರು. ಎರಡನೆಯ ವರ್ಷ, "ನನ್ನದಾಯ್ತು, ಬೇರೆಯವರು ಬನ್ನಿ" ಎಂದರು. ಮೇಷ್ಟ್ರು ಎದುರಿಗಿರುವಾಗ ಅವರ ಕುರ್ಚಿಯಲ್ಲಿ ಕೂರುವುದುಂಟೇ? ಎಲ್ಲರಿಗಿಂತ ಮೊದಲು ಎದ್ದು, "ನೀವೇ ಮುಂದುವರೀಬೇಕು ಸಾರ್" ಎಂದವಳು ನಾನು. ಚಪ್ಪಾಳೆ ಬಿತ್ತು. ಅವಿರೋಧ ಆಯ್ಕೆ ಎಂದು ಬರೆದುಕೊಂಡೆವು. ಆಮೇಲೆ ಪ್ರತಿ ವರ್ಷವೂ ಅದೇ.

ಬೇಲೂರಿನ ಅಂಚೆ ಗುಮಾಸ್ತ ಲೋಕೇಶ ಒಬ್ಬನೇ ಒಂದು ಸಲ, ಚೀಟಿ ಹಾಕಿ ಅಧ್ಯಕ್ಷರನ್ನು ಆರಿಸೋಣ ಎಂದಿದ್ದ. "ಮೇಷ್ಟ್ರಿಗೇ ಎದುರು ನಿಲ್ತೀಯಾ, ನಾಚಿಕೆ ಆಗಲ್ವಾ ನಿಂಗೆ" ಎಂದು ಎಲ್ಲರ ಮುಂದೆ ಗದರಿದವಳೂ ನಾನೇ. ನನ್ನ ಬಾಯಿಗೆ ಬೀಗವಿಲ್ಲ. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಜಾವಗಲ್‌ನಲ್ಲಿ ಬಸ್ಸು ನಿಂತಾಗ ಚಿತ್ರಾನ್ನ ಕಟ್ಟಿಸಿಕೊಂಡೆ, ತಿನ್ನಲಾಗಲಿಲ್ಲ. ಹಳೇಬೀಡು ತಲುಪಿದಾಗ ಹನ್ನೊಂದು ದಾಟಿತ್ತು. ಮೇಷ್ಟ್ರು ಪಡಸಾಲೆಯ ಮಂಚದ ಮೇಲೆ ಅರ್ಧ ಆಳಾಗಿದ್ದರು.

"ಬಂದೆಯೇನಮ್ಮ ಸರೋಜ. ಬಳಗದಲ್ಲಿ ಈಗ ನನ್ನ ಬಿಟ್ರೆ ನಾಲ್ಕೇ ಜನ. ನಾನು ಹೋದ್ಮೇಲೆ ಒಂದು ಭಾನುವಾರಾನೂ ನಡೆಯಲ್ಲ. ಆ ಲೋಕೇಶನ್ನ ಕರ್ಕೊಂಡು ಬಾ. ಅವನ ಕೈಗೆ ಕೊಟ್ಟುಬಿಡ್ತೀನಿ."

ಬೇಲೂರು ಅಲ್ಲಿಂದ ಹದಿನಾರು ಕಿಲೋಮೀಟರ್. ಲೋಕೇಶನ ಕೂದಲು ನರೆತಿತ್ತು. ಅಂಚೆ ಕಚೇರಿ ಎದುರಿನ ಹೋಟೆಲಿನಲ್ಲಿ ಕಾಫಿ ತರಿಸಿ, ಮೇಷ್ಟ್ರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ಕೊಡಕ್ಕೆ ಅದೇನು ಅವರ ಸ್ವತ್ತೇನಕ್ಕ? ರೋಮಿನ ಆಗಸ್ಟಸ್ಸೂ ಹಿರಿಯರ ಸಭೆ ಸೆನೆಟ್ ಮುಂದೆ ನಿಂತು, ಅಧಿಕಾರ ನಿಮಗೇ ವಾಪಸ್ಸು ಅಂದ. ಅವರು, ಅಯ್ಯೋ ಬೇಡಿ, ನೀವೇ ಇರಿ ಅಂದ್ರು. ಹೆಸರಿಗೆ ಸೆನೆಟ್ ಹಂಗೇ ಇತ್ತು, ಕಾನ್ಸಲ್‌ಗಳೂ ಇದ್ರು, ನಡೀತಿದ್ದು ಮಾತ್ರ ಅವನ ಮಾತೇ. ಕೊನೆಗೆ ಸಾಕುಮಗನ ಕೈಗೆ ಕೊಟ್ಟು ಹೋದ. ನಮಗೆ ಇದನ್ನ ಹೇಳಿಕೊಟ್ಟೋರು ಮೇಷ್ಟ್ರೇ ತಾನೆ?"

"ಅವತ್ತು ಹಂಗೆ ಅಂದಿದ್ದು ತಪ್ಪಾಯ್ತು ಕಣಪ್ಪ" ಎಂದೆ. ಅವನು ಲೋಟ ಕೆಳಗಿಟ್ಟು, "ಚೀಟಿ ಹಾಕೋದಾದ್ರೆ ಬತ್ತೀನಿ" ಎಂದ.

ಆ ದಿನ ಬೇಲೂರಿನ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಮರುದಿನ ಭಾನುವಾರ ಬೆಳಿಗ್ಗೆ ಲೋಕೇಶನೊಂದಿಗೆ ಹಳೇಬೀಡಿಗೆ ಹಿಂತಿರುಗಿದೆ. ನಾವಿಬ್ಬರು, ಉಳಿದ ನಾಲ್ವರು, ಮಂಚದ ಸುತ್ತ ಆರು ಜನ. ಚೀಟಿ ಹಾಕಲು ಮೇಷ್ಟ್ರು ಒಪ್ಪಿದರು. "ನೀನು ಹೇಳೋದೇ ಸರಿ ಕಣೋ ಲೋಕೇಶ. ಹಾಸಿಗೆ ಹಿಡಿದವನನ್ನ ಬಿಟ್ಟು ಯಾರ ಹೆಸರಾದ್ರೂ ಬರೀರಿ" ಎಂದರು.

ಪೆನ್ನು ನನ್ನ ಕೈಗೆ ಬಂತು. ಲೋಕೇಶನ ಹೆಸರು ಬರೆಯಬೇಕೆಂದೇ ಇದ್ದೆ. ತಲೆಯೆತ್ತಿದರೆ ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಒಂದು ಚೀಟಿಯೂ ಇಲ್ಲದೆ ಈ ಜೀವ ಹೋಗಬಾರದು, ಒಂದಾದರೂ ಇರಲಿ, ಹೇಗೂ ಉಳಿದವರು ಸರಿಯಾಗಿ ಬರೆಯುತ್ತಾರೆ ಎಂದುಕೊಂಡು ಅವರ ಹೆಸರನ್ನೇ ಬರೆದೆ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ತಾವೇ ಬಿಡಿಸಿ ಓದಿದರು. ಗಂಗಾಧರಯ್ಯ. ಗಂಗಾಧರಯ್ಯ. ಮೂರನೆಯದೂ ಅದೇ. ನಾಲ್ಕನೆಯದರಲ್ಲಿ ಲೋಕೇಶನ ಗುಂಡು ಅಕ್ಷರದಲ್ಲಿ ಸರೋಜ ಎಂದಿತ್ತು. ಮಿಕ್ಕ ಐದೂ ಅವರದೇ ಹೆಸರು. ಉಳಿದ ನಾಲ್ವರೂ ನನ್ನ ಹಾಗೇ ಯೋಚಿಸಿದ್ದರು.

"ಇಷ್ಟು ವರ್ಷ ನಾನು ಕಲಿಸಿದ್ದು ಇದೇನಾ?" ಎಂದರು. ಕಣ್ಣಲ್ಲಿ ನೀರು ಇಳಿಯಿತು. ಗೋಡೆಯ ಕಡೆ ಹೊರಳಿ ಮಲಗಿದರು. ನಾವು ಒಬ್ಬೊಬ್ಬರಾಗಿ ಎದ್ದು ಹೊರಗೆ ಬಂದೆವು.

ಬಸ್ ನಿಲ್ದಾಣದಲ್ಲಿ ಲೋಕೇಶನನ್ನು, ನನ್ನ ಹೆಸರು ಯಾಕೆ ಬರೆದೆ ಎಂದು ಕೇಳಿದೆ. "ನೀವಾದ್ರೆ ಒಂದು ವರ್ಷ ನಡೆಸಿ ಇಳೀತೀರ ಅನ್ನಿಸ್ತು ಅಕ್ಕ" ಎಂದ. ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಅರಸೀಕೆರೆ ಬರುವವರೆಗೆ ಸೆರಗು ಬಾಯಿಗೊತ್ತಿ ಅಳುತ್ತಲೇ ಬಂದೆ.

ಮೇಷ್ಟ್ರು ಅದೇ ವಾರ ತೀರಿಕೊಂಡರು. ಮುಂದಿನ ಭಾನುವಾರ ಬಳಗ ಸೇರಲಿಲ್ಲ. ಸಭೆ ಕರೆಯಬೇಕಾಗಿದ್ದ ಅಧ್ಯಕ್ಷರು ಅವರೇ.