ಎಮ್ಮಿಗುಂಡಿನ ಮಡು ಯಾರದು

ತಂಗಡಗಿ ಹೊಳಿದಂಡಿಯೊಳಗ ಸಾತವ್ವನ ಹೆಸರ ತಗದು ನೋಡ್ರಿ. ಅರ್ಧ ಮಂದಿ ನಗತಾರ, ಅರ್ಧ ಮಂದಿ ಮೂಗ ಮುರೀತಾರ, ಸುಮ್ಮನ ಕುಂದರೋರು ಮಾತ್ರ ಒಬ್ರೂ ಸಿಗೂದಿಲ್ಲ. ಗಿಡ್ಡ ಆಳು, ದಪ್ಪ ಮುಂಗೈ, ಮಾತು ಕಡ್ಡಿ ಮುರಿದಂಗ. ಅಂಬಿಗರ ಮನಿಯೊಳಗ ಹುಟ್ಟಿದಾಕಿ, ಅಂಬಿಗರ ಮನಿಗೇ ಸೊಸಿಯಾಗಿ ಬಂದಾಕಿ. ಹೊಲ ಇಲ್ಲ, ದನ ಇಲ್ಲ. ಘಾಟಿನ ಮ್ಯಾಲ ಒಂದು ಸಣ್ಣ ಮನಿ, ಹೊಳಿಯೊಳಗ ಒಂದು ಮಡು, ಅಷ್ಟೇ ಆಸ್ತಿ.

ಹೊಳಿಯೊಳಗ ಆಸ್ತಿ ಎಂಥಾದು ಅಂತೀರೇನು? ಕೃಷ್ಣಾ ನಡುವ ಎಮ್ಮಿ ಮಲಗಿದಂಗ ಒಂದು ಕರೀಗುಂಡ ಐತಿ. ಅದರ ಹಿಂದ ನೀರು ಆಳ, ಸೆಳವು ಕಡಿಮಿ, ಮೀನು ಅಲ್ಲೇ ಬಂದು ಕೂಡತಾವ. ಅದೇ ಎಮ್ಮಿಗುಂಡಿನ ಮಡು. ಹಿಂತಾವು ಆರು ಮಡು ಇದ್ದುವು, ಒಂದೊಂದು ಒಂದೊಂದು ಮನಿತನಕ್ಕ. ಎಮ್ಮಿಗುಂಡಿನ ಮಡು ಸಾತವ್ವನ ಗಂಡ ಮಾಳಿಂಗಪ್ಪಂದು, ಅವರಪ್ಪಂದು, ಅವರಜ್ಜಂದು. ಕಾಗದ ಪತ್ರ ಏನೂ ಇಲ್ಲ. ದಂಡಿ ಮಂದೀದು ಒಂದು ಕಟ್ಟಳಿ ಇತ್ತು, ಅದೇ ಕಾಗದ.

ಮಳಿಗಾಲದ ಮೊದಲನೇ ಮಹಾಪೂರ ಇಳದು, ಘಾಟಿನ ಮೆಟ್ಟಲ ಮ್ಯಾಲ ರಾಡಿ ಗೆರಿ ಕಂಡ ದಿನ, ಮಡುವಿನ ಮನಿಯಿಂದ ಒಬ್ಬರು, ಒಬ್ಬರೇ, ಸಣ್ಣ ಹರಗೋಲ ತಗೊಂಡು ತಮ್ಮ ಮಡುವಿಗೆ ಹೋಗಬೇಕು. ಬಲಿ ಒಗದು, ಮೀನ ಹಿಡದು, ಹೊತ್ತು ಮುಳುಗೂದರಾಗ ಅದೇ ಘಾಟಿಗೆ ಬಂದು ಇಳೀಬೇಕು. ನಡುವ ಎಲ್ಲೂ ದಂಡಿಗೆ ಕಾಲ ಇಡೂ ಹಂಗಿಲ್ಲ. ತಪ್ಪಿದ್ರ ಮಡು ಬಾಜೂ ಮನಿಗೆ. ಆರೂ ಮನಿಯವರು ಬಂದು ಮೆಟ್ಟಲಕ್ಕ ಕಾಲ ಇಟ್ಟ ಮ್ಯಾಲೇ ಊರಿನ ಉಳಿದ ಬಲಿ ನೀರಿಗೆ ಬೀಳೂದು. ಅಲ್ಲೀತನಕ ಹೊಳಿ ಬಂದ್.

ಎಪ್ಪತ್ನಾಲ್ಕನೇ ಇಸ್ವಿ ಯುಗಾದಿಗೆ ಮಾಳಿಂಗಪ್ಪ ಬೇವಿನ ಟೊಂಗಿ ಕಡಿಯಾಕ ಗಿಡ ಏರಿ ಜಾರಿ ಬಿದ್ದ. ಟೊಂಕದ ಎಲುವು ಮುರೀತು. ಪಂಚಮಿ ಬಂತು, ಹೋತು, ಹೊರಸಿನ ಮ್ಯಾಲ ಬಿದ್ದಾಂವ ಏಳಲಿಲ್ಲ. ಅವನ ಹರಗೋಲ ಹಿತ್ತಲದಾಗ ಬೋರಲ ಬಿದ್ದು, ಅದರ ತೊಗಲು ಬಿಸಲಿಗೆ ಒಣಗಿ ಹಪ್ಪಳ ಆಗಿತ್ತು. ಬಾಜೂ ಮನಿ ಗುರಲಿಂಗಪ್ಪ, ಮಾಳಿಂಗಪ್ಪನ ಚಿಗಪ್ಪನ ಮಗ, ದಿನಾ ಒಮ್ಮೆ ಆ ಹರಗೋಲಕ್ಕ ಬೆರಳೀಲೆ ಟಕ್ ಟಕ್ ಬಡದು, ಸಪ್ಪಳ ಕೇಳಿ, ನಕ್ಕೋಂತ ಹೋಗತಿದ್ದ.

ಸಾತವ್ವ ನೋಡಿದ್ಲು. ಹೊಳಿ ತುಂಬಿ ಬಂದ ದಿನಾನೇ ಗೋಣಿತಟ್ಟು ನೆನಿಸಿ ಹರಗೋಲಕ್ಕ ಹೊಚ್ಚಿದ್ಲು. ಐದು ದಿನ ಹೊತ್ತಿಗೊಮ್ಮೆ ನೀರು ಹಾಕಿದ್ಲು. ತೊಗಲು ಬಗ್ಗೂ ಹಂಗ ಆದ ಮ್ಯಾಲ ಔಡಲೆಣ್ಣಿ ಹಚ್ಚಿ ಹೊಲಿಗಿ ಹೊಲಿಗಿಗೆ ಬೆರಳೀಲೆ ತಿಕ್ಕಿದ್ಲು. ಅವಸರ ಮಾಡಿ ಒಣಾ ತೊಗಲು ನೀರಿಗಿಟ್ರ ಬಿರುಕು ಬಿಡತೈತಿ ಅನ್ನೂದು ಆಕಿ ಅಪ್ಪ ಕಲಿಸಿದ್ದು. ಲಗ್ನಕ್ಕಿಂತ ಮುಂಚೆ ಆಕಿ ಅಪ್ಪನ ಕೂಡ ಮಂದೀನ ದಾಟಸತಿದ್ಲು, ಹುಟ್ಟ ಹಾಕತಿದ್ಲು. ಲಗ್ನ ಆದ ಮ್ಯಾಲ ಹದಿನೆಂಟು ವರ್ಷ ಹುಟ್ಟ ಮುಟ್ಟಿದ್ದಿಲ್ಲ.

ಆರನೇ ದಿನ ಮುಂಜಾನೆ ರಾಡಿ ಗೆರಿ ಕಂಡಿತು. ಸಾತವ್ವ ಸೀರಿ ಕಚ್ಚಿ ಹಾಕಿದ್ಲು, ರೊಟ್ಟಿ ಕಟ್ಟಿಕೊಂಡ್ಲು.

"ಎಲ್ಲಿಗೆ?" ಅಂದ ಮಾಳಿಂಗಪ್ಪ.

"ಮಡುವಿಗೆ."

"ಹೆಂಗಸು ಹುಟ್ಟ ಹಿಡದ್ಲು ಅಂದ್ರ ಮಂದಿ ನನ್ನ ಮಾರಿ ಮ್ಯಾಲ ಉಗಳತಾರ. ಮಡು ಹೋದ್ರ ಹೋಗಲಿ."

"ನಿನಗ ಮಾರೀದು ಚಿಂತಿ, ನನಗ ಹೊಟ್ಟೀದು. ಮಡು ಹೋದ ಮ್ಯಾಲ ಏನ ತಿಂತಿ, ಮರ್ಯಾದಿ ತಿಂತಿ?"

"ಸಾತಿ, ನಾ ಬ್ಯಾಡ ಅಂದೇನಿ."

"ಕೇಳೇನಿ," ಅಂದು ಹೊರಗ ಬಂದ್ಲು.

ಸಿಟ್ಟು ಬಂದಿತ್ತು ಖರೆ, ಸಿಟ್ಟಿಗಿಂತ ಕೆಡಕ ಅನಿಸಿದ್ದು ಹೆಚ್ಚು. ಹದಿನೆಂಟು ವರ್ಷ ಬಾಳೇವು ಮಾಡಿದಾಂವ 'ಹುಷಾರ' ಅಂತ ಒಂದು ಮಾತ ಅನ್ನಲಿಲ್ಲ. ಆಕಿ ಹರಗೋಲ ಬೋರಲ ಮಾಡಿ ತಲಿ ಮ್ಯಾಲ ಹೊತ್ತು ಘಾಟ ಇಳದ್ಲು.

ಘಾಟಿನ ಮ್ಯಾಲ ಮಂದಿ ಜಾತ್ರಿ ನೆರದಂಗ ನೆರದಿತ್ತು. ಉಳಿದ ಐದೂ ಮನಿ ಗಂಡಸರು, ಗುರಲಿಂಗಪ್ಪನ ಮನಿಯಿಂದ ಅವನ ತಮ್ಮ, ಆಗಲೇ ನೀರಿಗೆ ಇಳದಿದ್ರು. ದಂಡಿ ಹಿರ್ಯಾ ಅಮೋಘಸಿದ್ಧಜ್ಜ ಮ್ಯಾಲಿನ ಮೆಟ್ಟಲದ ಮ್ಯಾಲ ಕುಂತಿದ್ದ. ಕಟ್ಟಳಿಯೊಳಗ ಅವನ ಮಾತೇ ಕಡೀ ಮಾತು.

"ತಂಗೀ, ಹೆಣಮಕ್ಕಳು ಹರಗೋಲದಾಗ ಕುಂದರತಾರ. ನಡಸೂದಿಲ್ಲ," ಅಂದ ಅಜ್ಜ.

"ಮನಿಯಿಂದ ಒಬ್ಬರು ಹೋಗಬೇಕು ಅಂತ ಐತ್ರಿ ಕಟ್ಟಳಿ. ನಾ ಏನು ಆ ಮನಿಯಾಕಿ ಅಲ್ಲೇನ್ರಿ? ರೊಟ್ಟಿ ಬಡಿಯೂದಕ್ಕ ಮನಿಯಾಕಿ, ಮಡುವಿಗೆ ಪರದೇಸಿನ್ರಿ?"

ಅಜ್ಜ ಬಾಯಿ ತಗಿಯೂದರಾಗ ಗುರಲಿಂಗಪ್ಪ ಹಲ್ಲ ಕಿಸದ. "ಹೋಗಲಿ ಬಿಡ್ರಿ ಯಜ್ಜಾ. ಆ ತೊಗಲು ನಾಕು ಮಾರು ದಾಟೂದಿಲ್ಲ. ಸಾತವ್ವಾ, ಆಲಮಟ್ಟಿಯೊಳಗ ಆಣೆಕಟ್ಟಿನ ಕೆಲಸ ನಡದೈತಿ, ಬುಟ್ಟಿ ಹೊರಾಕ ಹೆಣಮಕ್ಕಳು ಬೇಕಂತ. ಅಲ್ಲಿಗೆ ಹೋಗು."

"ನೀನೂ ಬಾರೋ. ಬುಟ್ಟಿ ತುಂಬಾಕ ಗಂಡಸರೂ ಬೇಕಂತ, ಬಾಯಿಲೆ ತುಂಬೋರಲ್ಲ, ಕೈಲೆ ತುಂಬೋರು," ಅಂದ್ಲು ಸಾತವ್ವ.

ಮೀನಿನ ಬುಟ್ಟಿ ಹೊತ್ತು ಮುದ್ದೇಬಿಹಾಳ ಸಂತಿಗೆ ಹೋಗೂ ಮಾಬುಬಿ ಖೊಳ್ಳನೆ ನಕ್ಕಳು. ಆ ನಗಿಯೊಳಗ ಸಾತವ್ವ ಹರಗೋಲ ನೀರಿಗಿಟ್ಟು ಮೊಣಕಾಲೂರಿ ಕುಂತ್ಲು. ಗುರಲಿಂಗಪ್ಪ ಎಣಿಸಾಕತ್ತಿದ. ನಾಕು ಮಾರು ಆತು, ಹತ್ತು ಆತು, ಇಪ್ಪತ್ತು ಆತು. ತೊಗಲು ಒಂದು ಹನಿ ನೀರು ಬಿಡಲಿಲ್ಲ. ಆಮ್ಯಾಲ ಅಂವ ಎಣಿಸೂದು ಬಿಟ್ಟ.

ದಂಡಿ ಬಿಟ್ಟ ಮ್ಯಾಲ ಸೆಳವು ಸಿಕ್ತು. ಒಂದ ಕಡೆ ಹುಟ್ಟ ಜಗ್ಗಿದ್ರ ಹರಗೋಲ ತಿರಗತೈತಿ, ಮುಂದಿನಿಂದ ಎಳಕೋಬೇಕು. ಹದಿನೆಂಟು ವರ್ಷದ ಹಿಂದಿಂದು, ಕೈ ಮರತಿತ್ತು. ಹರಗೋಲ ಎರಡ ಸುತ್ತು ಗಿರಕಿ ಹೊಡೀತು. ನೀರು ನೋಡಬ್ಯಾಡ, ಆಚಿ ದಂಡಿ ಗಿಡ ನೋಡು ಅಂತಿದ್ದ ಅಪ್ಪ. ಆಕಿ ಆಚಿ ದಂಡಿ ಕರೀಜಾಲಿ ಗಿಡದ ಮ್ಯಾಲ ಕಣ್ಣಿಟ್ಟು ಎಳದ್ಲು. ರಾಡಿ ನೀರಾಗ ಮುಳ್ಳಿನ ಗಿಡ ತೇಲಿ ಬಂದುವು, ಸತ್ತ ಕುರಿಯೊಂದು ಬಂತು. ದಾರಿ ಬಿಟ್ಟು, ಮತ್ತ ದಾರಿ ಹಿಡದು, ಹೊತ್ತು ನೆತ್ತಿಗೆ ಬರೂದರಾಗ ಎಮ್ಮಿಗುಂಡ ಮುಟ್ಟಿದ್ಲು. ಮುಟ್ಟಿ, "ಬಂದೆ ನೋಡ!" ಅಂತ ಒಬ್ಬಾಕಿನೇ ಒದರಿದ್ಲು.

ಗುಂಡಿನ ಬಿರುಕಿಗೆ ಹಗ್ಗ ಸಿಗಿಸಿ ಬಲಿ ಒಗದ್ಲು. ಮೊದಲ ಸಲ ಜಾಲಿ ಟೊಂಗಿ ಬಂದು ಬಲಿ ಹರೀತು. ಸೆರಗಿನ ಅಂಚು ಹರದು ಗಂಟ ಹಾಕಿದ್ಲು, ರೊಟ್ಟಿ, ಶೇಂಗಾ ಚಟ್ನಿ ತಿಂದ್ಲು, ಮತ್ತ ಒಗದ್ಲು. ಬರೇ ರಾಡಿ. ಉಳಿದ ಐದು ಹರಗೋಲ ಒಂದೊಂದೇ ಘಾಟಿನ ಕಡೆ ಹೊರಳಿದುವು. ಒಬ್ಬಾಂವ ದೂರಿಂದ ಕೈ ಬೀಸಿ, ಬಾ ಸಾಕು ಅಂದ. "ನಿಂದು ನೀ ನೋಡಕೋ," ಅಂದ್ಲು, ಅವಗ ಕೇಳಲಿಲ್ಲ. ಖಾಲಿ ಕೈಲೆ ಹೋದ್ರ ಮಡು ಹೋತು.

ಮೂರನೇ ಸಲ ಬಲಿ ತಳಕ್ಕ ಹಿಡದಂಗ ಬಿಗೀತು. ಮತ್ತ ಟೊಂಗಿ ಅಂದುಕೊಂಡ್ಲು. ಟೊಂಗಿ ಜಗ್ಗತೈತೇನು? ಇದು ಜಗ್ಗಿತು. ಒಂದು ದೊಡ್ಡ ಬಾಳಿಮೀನು, ಮಾರುದ್ದ ಸುಮಾರು, ಬಾಯಿ ತಗದು ಮ್ಯಾಲ ಬಂತು. ಒಬ್ಬರೇ ಕುಂದರೂ ಹರಗೋಲ ಅದು. ಮೀನು ಒಳಗ ಬಿದ್ದು ಒದ್ದಾಡಿದ ಹೊಡತಕ್ಕ ಒಂದು ಬಿದಿರ ಲಟ್ಟಂತು, ಬಾಜೂದಿಂದ ಬೊಗಸಿ ಬೊಗಸಿ ನೀರು ಹೊಕ್ಕಿತು. ಮೀನ ಬಿಡಬೇಕು, ಇಲ್ಲಾ ಮುಳುಗಬೇಕು. ಸಾತವ್ವ ಎರಡೂ ಒಲ್ಲೆ ಅಂದು ಮೀನಿನ ಮ್ಯಾಲ ಕುಂತೇಬಿಟ್ಲು. ಅದು ಕೆಳಗ ಒದ್ದಾಡತಿತ್ತು, ಆಕಿ ಮ್ಯಾಲ ಬೈಗಳ ಸುರದು ರೊಟ್ಟಿ ತಿಂದ ಗಂಗಾಳದಲೆ ನೀರು ಹೊರಗ ಚೆಲ್ಲತಿದ್ಲು. ಕಡೀಕ ಮೀನು ಸುಮ್ಮನಾತು, ಆಕಿ ನಕ್ಕಳು.

ಬರೂಮುಂದ ಸೆಳವು ಸೇಡು ತೀರಿಸ್ಕೊಂತು. ಭಾರದ ಹರಗೋಲ ಘಾಟಿನ ಮುಂದ ಹಾದು ಎರಡು ಹೊಲದಷ್ಟು ಕೆಳಗ ಹೋತು. ಅಲ್ಲಿ ದಂಡಿಗುಂಟ ಜಾಲಿ ಗಿಡ ನೀರಿಗೆ ಬಗ್ಗಿದ್ದುವು. ಒಂದು ಟೊಂಗಿ ಹಿಡದು ನಿಂತ್ಲು. ಗುರಲಿಂಗಪ್ಪ ದಂಡೀಗುಂಟ ಓಡಿ ಬಂದು ಕೈ ಚಾಚಿದ.

"ಇಳಿಯವ್ವಾ! ಜೀವಾ ಇದ್ರ ಎಲ್ಲಾ ಐತಿ. ಕೈ ಕೊಡು!"

ಅವನ ದನಿಯೊಳಗ ಖರೇನ ಅಂಜಿಕಿ ಇತ್ತು, ಆಕಿಗೂ ತಿಳೀತು. ಆದ್ರ ಆ ಕೈ ಹಿಡದ್ರ ಮಡೂನೂ ಆ ಕೈಗೇ ಹೋಗತಿತ್ತು. "ಆಚಿ ಸರಿ," ಅಂದ್ಲು. ಮುಂದಿನ ಟೊಂಗಿಗೆ ಕೈ ಹಾಕಿ ಹರಗೋಲ ಮ್ಯಾಲಕ್ಕ ಜಗ್ಗಿದ್ಲು. ಆಮ್ಯಾಲ ಅದರ ಮುಂದಿಂದು. ಮುಳ್ಳು ಅಂಗೈ ತುಂಬ ನೆಟ್ಟು ನೆತ್ತರ ಇಳೀತು. ಗುರಲಿಂಗಪ್ಪ ಬಾಜೂಕ ನಡಕೋಂತ ಬಂದ, ನಗಲಿಲ್ಲ. ಘಾಟು ಮುಟ್ಟೂದರಾಗ ಹೊತ್ತು ಇನ್ನೂ ಗೇಣು ಮ್ಯಾಲ ಇತ್ತು.

"ಶಾಬಾಸ್ ಸಾತೂ!" ಅಂತ ಮಾಬುಬಿ ಚೀರಿದ್ಲು. ಬಾಳಿಮೀನ ನೋಡಿ ಗಂಡಸರೂ ಅಹಹಾ ಅಂದ್ರು. ಸಾತವ್ವ ಕಡೀ ಮೆಟ್ಟಲಕ್ಕ ಇಳಿಯಾಕ ಕಾಲ ಎತ್ತಿದ್ಲು.

ಆಗ ಅಮೋಘಸಿದ್ಧಜ್ಜ ಅಂದ: "ಆತು, ಮಾಳಿಂಗಪ್ಪನ ಮಡು ಈ ವರ್ಷ ಉಳೀತು. ಮುಂದಿನ ವರ್ಷ ಮಾಳಿಂಗಪ್ಪನೇ ಎದ್ದು ಬರಬೇಕು, ಇಲ್ಲಾ ಮಡು ಗುರಲಿಂಗಪ್ಪನ ಮನಿಗೆ. ಹೆಂಗಸಿಗೆ ಒಮ್ಮೆ ಬಿಟ್ಟೇವಿ, ಅದೇ ಹೆಚ್ಚು. ಇಳಿ ತಂಗೀ."

ಎತ್ತಿದ ಕಾಲ ಸಾತವ್ವ ಒಳಗ ತಗೊಂಡ್ಲು. ಮತ್ತ ಮೀನಿನ ಮ್ಯಾಲ ಕುಂತ್ಲು.

"ಇಳಿಯೂದಿಲ್ರಿ."

"ಏನಂದಿ?"

"ಹುಟ್ಟ ಹಾಕಿದಾಕಿ ನಾ. ಮುಳ್ಳ ಹಿಡದಾಕಿ ನಾ. ಮಡು ನಂದು ಅಂತ ಅನ್ರಿ, ಇಳೀತೇನಿ. ನಾ ಹುಟ್ಟ ಹಿಡಿಯೂತನಕ ನಂದು. ಇಲ್ಲಾಂದ್ರ ಇಲ್ಲೇ ಕುಂದರತೇನಿ, ಎಲ್ಲಾರ ಬಲೀನೂ ದಂಡಿ ಮ್ಯಾಲೇ ಕುಂದರಲಿ."

"ಹೊತ್ತು ಮುಳುಗಿತಂದ್ರ ಸಿಕ್ಕದ್ದೂ ಕಳಕೊಂತಿ, ಹುಚ್ಚೀ!"

"ಕಳಕೊಂತೇನ್ರಿ. ಭಿಕ್ಷಾ ಕೊಟ್ಟ ಮಡು ನನಗ ಬ್ಯಾಡ."

ಹೊತ್ತು ಇಳದು ಇಳದು ಆಚಿ ದಂಡಿ ಗಿಡಕ್ಕ ಹತ್ತಿತು. ಮೂವತ್ತು ಬಲಿ ಹೆಗಲ ಮ್ಯಾಲ ಹೊತ್ತ ಗಂಡಸರು ಆಕಿನ್ನ ಬೈದ್ರು, ಆಮ್ಯಾಲ ಅಜ್ಜನ್ನ ನೋಡಿದ್ರು. ಪೂರ ಇಳದ ಮೊದಲ ಸಂಜಿ ಮೀನು ಕೈ ಬಿಟ್ರ ವರ್ಷಾನಗಟ್ಟಲೆ ನೆನೆಸ್ಕೋಬೇಕು.

ಆಗ ಮಾತಾಡಿದಾಕಿ ಗುರಲಿಂಗಪ್ಪನ ಹೇಂತಿ ಸುಂದರವ್ವ. "ಅಂದುಬಿಡ್ರಿ ಯಜ್ಜಾ. ನಾಳೆ ನನ್ನ ಗಂಡ ಗಿಡದ ಮ್ಯಾಲಿಂದ ಬಿದ್ರ ನಾ ಎಲ್ಲಿಗೆ ಹೋಗಲ್ರಿ?"

"ಏ, ನೀ ಸುಮ್ಮನಿರು," ಅಂದ ಗುರಲಿಂಗಪ್ಪ.

"ನೀ ಸುಮ್ಮನಿರು. ಇಲ್ಲಾಂದ್ರ ನಾನೂ ಹೋಗಿ ಆಕಿ ಹರಗೋಲದಾಗ ಕುಂದರತೇನಿ."

ಅಜ್ಜ ಹೊತ್ತು ನೋಡಿದ, ಮಂದಿ ನೋಡಿದ, ಸಾತವ್ವನ ಅಂಗೈ ನೋಡಿದ. ಗಂಟಲ ಸರಿಮಾಡಿಕೊಂಡು ತನ್ನಷ್ಟಕ್ಕ ತಾನೇ ಅನ್ನೂ ಹಂಗ ಅಂದ: "ಎಮ್ಮಿಗುಂಡಿನ ಮಡು ಸಾತವ್ವಂದು. ಆಕಿ ಹುಟ್ಟ ಹಿಡಿಯೂತನಕ ಆಕೀದು."

ಸಾತವ್ವ ಇಳಿಯಲಿಲ್ಲ. ಘಾಟಿನ ಮ್ಯಾಲಿದ್ದ ತನ್ನ ಮನಿ ಕಡೆ ಮಾರಿ ತಿರಿವಿದ್ಲು.

"ಜೋರಾಗಿ ಅನ್ರಿ ಯಜ್ಜಾ," ಅಂದ್ಲು. "ಹೊರಸಿನ ಮ್ಯಾಲ ಮಲಗಿದಾಂವಗೂ ಕೇಳಲಿ."