ಸರಪಳಿ ದಾಟದ ಗೋವರ್ಧನ

ಬ್ರಹ್ಮಾವರದ ಆ ಗೋದಾಮಿನಲ್ಲಿ ಸಾಮಾನಿನ ಗಾಡಿಗಳನ್ನು ನೆಲದೊಳಗಿನ ಸರಪಳಿ ಎಳೆಯುತ್ತದೆ. ಮೇಲೆ ಕಾಣುವುದು ಎರಡು ಬೆರಳಗಲದ ಸೀಳು ಮಾತ್ರ. ಹನ್ನೊಂದು ವರ್ಷ ಅದರ ಆಚೆ ಬದಿಯಲ್ಲಿ ಗೋವರ್ಧನ ಗಾಡಿಗಳನ್ನು ಸರಪಳಿಗೆ ಸಿಕ್ಕಿಸಿದ, ಈಚೆ ಬದಿಯಲ್ಲಿ ಗೆಳೆಯ ಸುಧೀರ ಬಿಡಿಸಿದ. ಶಿರೂರಿನಲ್ಲಿ ಬಲೆ ಎಳೆಯುವ ಮನೆಯಲ್ಲಿ ಹುಟ್ಟಿದ ಗೋವರ್ಧನ ಆ ಸೀಳನ್ನು ಒಮ್ಮೆಯೂ ದಾಟಲಿಲ್ಲ. ಹದಿನೈದು ನಿಮಿಷದ ಚಹಾ ಬಿಡುವಿನಲ್ಲಿ ಸರಪಳಿ ನಿಂತಿದ್ದರೂ ಇಡೀ ಗೋದಾಮು ಸುತ್ತಿ, ಸಿಕ್ಕಿದ ಗಾಡಿಗಳಿಗೆಲ್ಲ ಬೈಯುತ್ತ ಸುಧೀರನ ಬದಿಯ ಚಹಾ ಕ್ಯಾನಿನ ಹತ್ತಿರ ಬರುತ್ತಿದ್ದ. ಹೋಗಿಬರುವುದಕ್ಕೇ ಹತ್ತು ನಿಮಿಷ. ಕಾದು ಕಾದು ಸುಧೀರನಿಗೆ ತಲೆ ಕೆಡುತ್ತಿತ್ತು. “ಹ್ವಾಯ್, ದಾಟಿ ಬಾ ಮಾರಾಯ! ಚಾ ತಣ್ದ್ ಹೋಯ್ತ್!” “ಎಳೂ ಹಗ್ಗ ದಾಟುಕಾಗ. ಬತ್ತೆ, ಬತ್ತೆ.” “ಇದೆಂತ ಹಗ್ಗವಾ? ಕಬ್ಬಿಣ!” “ಎಳಿತ್ತಲ್ದಾ? ಎಳೂದೆಲ್ಲ ಹಗ್ಗವೇ.” ಬಂದವನು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಗಾಡಿಗಳ ಮೇಲಿನ ದೂರನ್ನೆಲ್ಲ ಒಪ್ಪಿಸಿ, ಮತ್ತೆ ಸುತ್ತಿಕೊಂಡು ಹೊರಡುತ್ತಿದ್ದ. ಕಳೆದ ತಿಂಗಳು ಎದೆನೋವು ಬಂದು ಗೋವರ್ಧನ ತೀರಿಕೊಂಡ. ಅವನ ಜಾಗಕ್ಕೆ ಸುಧೀರನನ್ನೇ ಹಾಕಿದರು. ಮೊದಲ ದಿನ ಬಿಡುವಿನ ಗಂಟೆ ಹೊಡೆದಾಗ, ಗೋವರ್ಧನ ನಿಲ್ಲುತ್ತಿದ್ದಲ್ಲಿಂದ ನಾಲ್ಕೇ ಹೆಜ್ಜೆ ದೂರದಲ್ಲಿ, ಕಂಬದ ಹಿಂದೆ ಚಹಾದ ಇನ್ನೊಂದು ಕ್ಯಾನು ಕಂಡಿತು. “ಇದ್ ಯಾವಾಗಿಂದ ಇತ್ತ್?” ಎಂದು ಕೇಳಿದ. “ಸುರುವಿಂದ್ಲೂ ಇತ್ತ್,” ಎಂದಳು ಅಲ್ಲಿ ಪೆಟ್ಟಿಗೆ ಕಟ್ಟುವ ಜಲಜ. “ಅವ್ರ್ ಒಂದಿನವೂ ಮುಟ್ಲಿಲ್ಲೆ. ನೀವ್ ಅಲ್ಲಿ ಕಾಯ್ತ್ರಿ ಅಂತಿದ್ರ್.” ಸುಧೀರ ಕುಂಭಾಶಿಯ ಗದ್ದೆ ಮನೆಯವನು, ಎಳೆಯುವ ಹಗ್ಗ ದಾಟಬಾರದೆಂಬ ಬಲೆಯವರ ಕಟ್ಟುಪಾಡು ಅವನಿಗಿರಲಿಲ್ಲ. ಹನ್ನೊಂದು ವರ್ಷ ಅವನು ನಿಂತಲ್ಲೇ ನಿಂತು ಬೈದಿದ್ದ. ತಾನೇ ದಾಟಿ ಇಲ್ಲಿಗೆ ಬರಲು ಅವನಿಗೆ ಎರಡು ಹೆಜ್ಜೆ ಸಾಕಿತ್ತು.