ಅಪ್ಪ ಕತ್ತರಿಸಿಟ್ಟ ನಾಗವೇಣಿ

ಸಂಜೆ ಆರು ಗಂಟೆ. ತೀರಿಹೋದ ಅಪ್ಪನ ಟ್ರಂಕನ್ನು ಇವತ್ತು ಖಾಲಿ ಮಾಡಿದೆ. ತಳದಲ್ಲಿ ಒಣಮೀನಿನ ವಾಸನೆಯ ಪತ್ರಿಕೆ ತುಂಡುಗಳು ಸಿಕ್ಕವು.

ತದಡಿಯಲ್ಲಿ ಬಲೆ ಎಳೆಯುತ್ತಿದ್ದ ಅಪ್ಪನಿಗೆ ಓದಲು ಬರುತ್ತಿದ್ದುದು ನನ್ನ ಹೆಸರೊಂದೇ. ಮೀನು ಕಟ್ಟುವ ಹಳೇ ಪತ್ರಿಕೆಯಲ್ಲಿ ಅದು ಕಂಡರೆ ಕತ್ತರಿಸಿ ತರುತ್ತಿದ್ದ.

“ನಾಗವೇಣಿ, ನೋಡೇ, ನಿನ್ ಹೆಸ್ರು!”

“ಅದು ನಾನಲ್ಲ ಅಪ್ಪಾ, ಹೊನ್ನಾವರದ ಹುಡುಗಿ. ಓಟದಲ್ಲಿ ಫಸ್ಟ್ ಬಂದದ್ದು.”

“ಆದ್ರೆ ಎಂತಾತು? ಹೆಸ್ರು ನಿಂದೇ ಅಲ್ದಾ?”

ಆಮೇಲಿನ ತುಂಡುಗಳಲ್ಲಿ ಆ ಹುಡುಗಿ ಟೀಚರಾದಳು, ಪ್ರಶಸ್ತಿ ಪಡೆದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮೀನು ಕೊಯ್ಯುತ್ತಾ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಅಪ್ಪನ ಮುಖ ಅರಳಿಸುತ್ತಿದ್ದುದು ಅವಳ ಸುದ್ದಿ, ನನ್ನದಲ್ಲ. ಇವತ್ತೂ ಉರಿಯಿತು.

ನಾಳೆಯ ಪತ್ರಿಕೆಯಲ್ಲಿ ಅಪ್ಪನ ಶ್ರದ್ಧಾಂಜಲಿ ಬರುತ್ತದೆ. ಕೆಳಗೆ ‘ಮಗಳು ನಾಗವೇಣಿ’ ಎಂದಿರುತ್ತದೆ.